ಎರಡೂವರೆ ಮಿಲಿಮೀಟರ್ ಮೂಳೆಯ ಲೆಕ್ಕ

ಒದ್ದೆ ಬಟ್ಟೆ ಹಿಂಡುವಾಗ, ಬೀಗ ತಿರುಗಿಸುವಾಗ ಕಿರುಬೆರಳಿನ ಕಡೆ ಮಣಿಕಟ್ಟು ಚುಳ್ಳೆನ್ನುತ್ತದೆಯೇ? ಕಾರಣ ಹಲವು ಇರಬಹುದು. ಅದರಲ್ಲೊಂದು, ಮುಂಗೈಯ ಅಲ್ನಾ ಮೂಳೆ ಪಕ್ಕದ ರೇಡಿಯಸ್‌ಗಿಂತ ತುಸು ಉದ್ದವಾಗಿರುವುದು. ಆಗ ಅದು ಮಣಿಕಟ್ಟಿನ ಸಣ್ಣ ಮೂಳೆಗಳಿಗೆ ಗುದ್ದುತ್ತಲೇ ಇರುತ್ತದೆ.

ತುಸು ಅಂದರೆ ಎಷ್ಟು? 1984ರಲ್ಲಿ ಪಾಮರ್ ಮತ್ತು ವರ್ನರ್ ಎಂಬ ಸಂಶೋಧಕರು ಶವಗಳ ಕೈಗಳಲ್ಲಿ ಅಳೆದು ನೋಡಿದರು. ಮಣಿಕಟ್ಟಿನ ಮೇಲೆ ಬೀಳುವ ಭಾರದಲ್ಲಿ ಸಾಮಾನ್ಯವಾಗಿ ಅಲ್ನಾ ಹೊರುವುದು ಸುಮಾರು ಶೇ. 18ರಷ್ಟು. ಎರಡೂವರೆ ಮಿಲಿಮೀಟರ್ ಉದ್ದ ಮಾಡಿದರೆ ಶೇ. 42. ಅಷ್ಟೇ ಗಿಡ್ಡ ಮಾಡಿದರೆ ಬರೀ ಶೇ. 4! ಹೆಚ್ಚುಕಮ್ಮಿ ಅರ್ಧ ಅಕ್ಕಿಕಾಳಿನಷ್ಟು ವ್ಯತ್ಯಾಸ, ಆದರೆ ಹೊರೆಯ ಲೆಕ್ಕವೇ ತಲೆಕೆಳಗು.

ವಿಶ್ರಾಂತಿ, ಪಟ್ಟಿ, ಇಂಜೆಕ್ಷನ್ ಯಾವುದಕ್ಕೂ ನೋವು ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಅಲ್ನಾದಿಂದ ತೆಳು ಬಿಲ್ಲೆಯಷ್ಟು ಮೂಳೆ ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ, ಪ್ಲೇಟ್ ಇಟ್ಟು ಸ್ಕ್ರೂ ಬಿಗಿಯುತ್ತಾರೆ. ಅಲ್ನಾವನ್ನು ಹೀಗೆ ಕತ್ತರಿಸಿ ಗಿಡ್ಡ ಮಾಡುವುದನ್ನು 1941ರಲ್ಲೇ ಮಿಲ್ಚ್ ಎಂಬ ವೈದ್ಯರು ವಿವರಿಸಿದ್ದರು.

ಫಲಿತಾಂಶ? ಹೆಚ್ಚಿನವರಿಗೆ ನೋವು ಇಳಿಯುತ್ತದೆ, ಹಿಡಿತ ಸುಧಾರಿಸುತ್ತದೆ. ಆದರೆ ಮೂಳೆ ಕೂಡಲು ತಿಂಗಳುಗಳೇ ಬೇಕು. ಕೆಲವರಲ್ಲಿ ಕೂಡುವುದೇ ಇಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಜಾಸ್ತಿ. ಇನ್ನೊಂದು ಕಿರಿಕಿರಿ ಆ ಪ್ಲೇಟಿನದೇ. ಚರ್ಮದ ಕೆಳಗೇ ಕೂತು ಮೇಜಿಗೆ ಕೈ ಊರಿದಾಗ ಒತ್ತುತ್ತದೆ. ಮೂಳೆ ಗಟ್ಟಿಯಾದ ಮೇಲೆ ಅದನ್ನು ತೆಗೆಸಲು ಮತ್ತೆ ಆಪರೇಷನ್‌ಗೆ ಹೋಗುವವರು ಅಪರೂಪವೇನಲ್ಲ.