ಸೆಕೆಂಡ್ ಹ್ಯಾಂಡ್ ರಿಕರ್ವ್ ಬಿಲ್ಲು: ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ

ಬಿಲ್ಲುಗಾರಿಕೆ ಕಲಿಯೋ ಆಸೆ ಇದ್ದರೂ ಹೊಸ ಬಿಲ್ಲಿನ ರೇಟ್ ಕೇಳಿ ಹಿಂದೆ ಸರಿಯುವವರೇ ಹೆಚ್ಚು. ಅಂಥವರಿಗೆ ಹಳೇ ಬಿಲ್ಲು ಒಳ್ಳೇ ದಾರಿ. ಆದರೆ ಬಿರುಕು ಬಿಟ್ಟ ಬಿಲ್ಲು ಎಳೆಯುವಾಗಲೇ ಮುರಿದರೆ ಚೂರು ಮುಖಕ್ಕೇ ಸಿಡಿಯಬಹುದು.

ಲಿಂಬ್: ಹಿಡಿಯ ಮೇಲೆ, ಕೆಳಗೆ ಬಾಗುವ ಎರಡು ತೋಳುಗಳೇ ಲಿಂಬ್. ಇವನ್ನು ಹತ್ತಿಯಿಂದ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಇರಬಹುದು. ಪದರ ಬಿಟ್ಟುಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ತಿರುಚು: ಹೆದೆ ಏರಿಸಿದ ಮೇಲೆ ತುದಿಯಿಂದ ಉದ್ದಕ್ಕೆ ನೋಡಿ. ಹೆದೆ ಎರಡೂ ಲಿಂಬ್‌ಗಳ ನಡುಮಧ್ಯೆ ಹಾಯಬೇಕು. ಪಕ್ಕಕ್ಕೆ ವಾಲಿದ್ದರೆ ಲಿಂಬ್ ತಿರುಚಿದೆ ಎಂದರ್ಥ.

ತೂಕ: ಲಿಂಬ್ ಮೇಲೆ ಬರೆದಿರೋ ಪೌಂಡ್ ಲೆಕ್ಕ ಸಾಮಾನ್ಯವಾಗಿ 28 ಇಂಚು ಎಳೆತದ್ದು. ಒಂದಿಂಚು ಕಮ್ಮಿ ಎಳೆದರೆ ಸುಮಾರು 2 ಪೌಂಡ್ ಇಳಿಯುತ್ತೆ. ಹೊಸಬರಾದ ದೊಡ್ಡವರಿಗೆ 20ರಿಂದ 25 ಪೌಂಡ್ ಸಾಕು. 40 ಪೌಂಡ್ ಬಿಲ್ಲು ಅಗ್ಗಕ್ಕೆ ಸಿಕ್ತು ಅಂತ ತಂದರೆ ಭುಜ ನೋವು ಗ್ಯಾರಂಟಿ. ಲಿಂಬ್ ಬಿಚ್ಚಬಹುದಾದ ಟೇಕ್‌ಡೌನ್ ಬಿಲ್ಲಾದರೆ ಮುಂದೆ ಲಿಂಬ್ ಮಾತ್ರ ಬದಲಾಯಿಸಿದರಾಯ್ತು.

ಹೆದೆ: ಎಳೆ ಎದ್ದಿದ್ದರೆ ಬದಲಿಸಿ. ತುಂಬಾ ಹಳೇ ಬಿಲ್ಲಿಗೆ ಡೇಕ್ರಾನ್ ಹೆದೆಯೇ ಸೇಫ್. ಹಿಗ್ಗದ ಹೊಸ ಮಾದರಿ ಹೆದೆ ಲಿಂಬ್ ತುದಿಯನ್ನೇ ಒಡೆಯಬಹುದು.

ಪರೀಕ್ಷಿಸುವಾಗ ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಗಟ್ಟಿ ಬಿಲ್ಲೂ ಹಾಳಾಗುತ್ತೆ. ಮಾರುವವರಿಂದಲೇ ಮೊದಲು ಎಳೆಸಿ ನೋಡಿ. ಅವರೇ ಹಿಂಜರಿದರೆ ವ್ಯಾಪಾರ ಬಿಟ್ಟುಬಿಡಿ.