ಭಯದಿಂದ ಬೊಂಬೆಯವರೆಗೆ

ಮಕ್ಕಳ ಆಟಿಕೆಗಳಿಗೂ ಒಂದು ಇತಿಹಾಸವುಂಟು. ಜಪಾನಿನ ಮಕ್ಕಳು ಹಲವು ದಶಕಗಳಿಂದ ಮೆಚ್ಚಿ ಆಡುತ್ತ ಬಂದಿರುವ ವಿಕಾರರೂಪದ ಮೃಗಬೊಂಬೆಗಳ ಮೂಲವನ್ನು ಅರಸುತ್ತ ಹೋದರೆ, ನಾವು ಅಣ್ವಸ್ತ್ರದ ಬೂದಿಯ ಬಳಿಗೆ ಬಂದು ನಿಲ್ಲುತ್ತೇವೆ.

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಸಿಡಿಸಿ ಪರೀಕ್ಷಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ನೌಕೆಯೊಂದರ ಮೇಲೆ ವಿಕಿರಣದ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಯೂ ಅಸ್ವಸ್ಥರಾದರು. ಒಬ್ಬರು ಅದೇ ವರ್ಷ ತೀರಿಕೊಂಡರು. ಹಿರೋಷಿಮಾ, ನಾಗಸಾಕಿಗಳ ಗಾಯ ಇನ್ನೂ ಮಾಯದಿದ್ದ ಆ ನಾಡಿನಲ್ಲಿ ಅದೇ ನವೆಂಬರ್ ತಿಂಗಳಲ್ಲಿ 'ಗೊಜಿರಾ' ಎಂಬ ಚಲನಚಿತ್ರ ತೆರೆಕಂಡಿತು. ಬಾಂಬಿನ ಪ್ರಯೋಗದಿಂದ ನೆಲೆ ತಪ್ಪಿ ಕಡಲಿನಿಂದ ಮೇಲೆದ್ದ ದೈತ್ಯಮೃಗವೊಂದು ಟೋಕಿಯೋ ನಗರವನ್ನು ತುಳಿದು ಸುಡುವುದೇ ಅದರ ಕಥೆ.

ಆ ಚಿತ್ರದ ಅದ್ಭುತ ದೃಶ್ಯಗಳನ್ನು ರೂಪಿಸಿದವರು ಎಯ್ಜಿ ತ್ಸುಬುರಾಯ. ಮೃಗದ ಭಾರವಾದ ವೇಷದೊಳಗೆ ಒಬ್ಬ ನಟ; ಅವನ ಸುತ್ತ 25ರಲ್ಲಿ 1 ಪಾಲು ಗಾತ್ರದ ಪುಟ್ಟ ನಗರ. ಎತ್ತರವು 25ರಲ್ಲಿ 1 ಪಾಲಾದರೆ ವಸ್ತು ಕೆಳಗೆ ಬೀಳಲು ಬೇಕಾದ ಕಾಲ 5ರಲ್ಲಿ 1 ಪಾಲಾಗುತ್ತದೆ. ಹೀಗಾಗಿ ಪುಟ್ಟ ಕಟ್ಟಡ ಥಟ್ಟನೆ ಕುಸಿದು ಗುಟ್ಟು ರಟ್ಟಾಗಬಹುದು. ಆದುದರಿಂದ ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರಿಸಿ, ಸಾಮಾನ್ಯ ವೇಗದಲ್ಲಿ ತೋರಿಸುತ್ತಿದ್ದರು. ಆಗ ಕಟ್ಟಡವು ನಿಧಾನವಾಗಿ, ನಿಜವಾದ ಭಾರದಿಂದ ಉರುಳಿದಂತೆ ಕಾಣುತ್ತಿತ್ತು.

ತ್ಸುಬುರಾಯರು 1963ರಲ್ಲಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. 1966ರ ಜುಲೈ ತಿಂಗಳಲ್ಲಿ 'ಅಲ್ಟ್ರಾಮನ್' ಎಂಬ ಅವರ ದೂರದರ್ಶನ ಮಾಲಿಕೆ ಆರಂಭವಾಯಿತು. ಅದರ ನಾಯಕ 40 ಮೀಟರ್ ಎತ್ತರದ, ಅನ್ಯಲೋಕದ ವೀರ. ಭೂಮಿಯ ಮೇಲೆ ಅವನ ಶಕ್ತಿ ಉಳಿಯುವುದು ಸುಮಾರು 3 ನಿಮಿಷ ಮಾತ್ರ. ಅದು ಕುಂದಿದಾಗ ಎದೆಯ ನೀಲಿ ದೀಪ ಕೆಂಪಾಗಿ ಮಿನುಗುತ್ತದೆ. ಈ ಮಾಲಿಕೆಯ ಮೃಗಗಳೆಲ್ಲವೂ ದುಷ್ಟಜೀವಿಗಳಲ್ಲ. ಜಮೀಲಾ ಎಂಬುದು ಮೊದಲು ಮನುಷ್ಯನೇ ಆಗಿತ್ತು. ನೀರಿಲ್ಲದ ಗ್ರಹದಲ್ಲಿ ಸಿಲುಕಿ, ತನ್ನ ದೇಶದಿಂದಲೇ ಕೈಬಿಡಲ್ಪಟ್ಟ ಗಗನಯಾತ್ರಿ ಅವನು. ಮೃಗವಾಗಿ ಭೂಮಿಗೆ ಮರಳಿದಾಗ, ಒಮ್ಮೆ ಅವನು ಹಂಬಲಿಸಿದ್ದ ನೀರೇ ಅವನ ಪ್ರಾಣ ತೆಗೆಯುತ್ತದೆ. ನೋಡುವ ಮಗುವಿಗೆ ಗೆಲುವಿನ ಹರ್ಷದೊಡನೆ ಸೋತವನ ಮೇಲೆ ಮರುಕವೂ ಹುಟ್ಟುತ್ತದೆ.

ಜನಪ್ರಿಯತೆಯ ಶಿಖರದಲ್ಲಿದ್ದರೂ, ತಯಾರಿಕೆಯು ಪ್ರಸಾರದ ವೇಗಕ್ಕೆ ಸಮನಾಗದೆ, ಮಾಲಿಕೆಯು 39 ಕಂತುಗಳಿಗೆ ನಿಂತಿತು. ಇಂತಹ ದುಬಾರಿ ಕಾರ್ಯಕ್ರಮಗಳಿಗೆ ಆಟಿಕೆಗಳ ಹಕ್ಕಿನಿಂದ ಬರುವ ಹಣ ದೊಡ್ಡ ಆಸರೆಯಾಯಿತು. ದ್ರವರೂಪದ ವಿನೈಲನ್ನು ಲೋಹದ ಅಚ್ಚಿಗೆ ಹೊಯ್ದು ಕಾಯಿಸಿದರೆ ಅಂಚಿನ ಪದರ ಮಾತ್ರ ಗಟ್ಟಿಯಾಗುತ್ತದೆ. ಉಳಿದುದನ್ನು ಚೆಲ್ಲಿ, ಬಿಸಿ ಆರುವ ಮುನ್ನ ಅದನ್ನು ಎಳೆದು ತೆಗೆದರೆ ಟೊಳ್ಳಾದ ಬೊಂಬೆ ಸಿದ್ಧ. ನಗರವನ್ನು ನಡುಗಿಸಿದ ಮೃಗ ಹೀಗೆ ಮಗುವಿನ ಮುಷ್ಟಿಗೆ ಬಂದಿತು.

ಆದರೆ ವ್ಯಾಪಾರಕ್ಕೆ ಇನ್ನೊಂದು ಮುಖವೂ ಇತ್ತು. 1971ರಲ್ಲಿ ಆರಂಭವಾದ 'ಕಾಮೆನ್ ರೈಡರ್' ಮಾಲಿಕೆಯ ವೀರನ ಗಾತ್ರ ಮನುಷ್ಯನಷ್ಟೇ. ಅವನ ಹೆಸರಿನಲ್ಲಿ ಮಾರಿದ ತಿಂಡಿಯ ಪೊಟ್ಟಣಕ್ಕೆ ಒಂದೊಂದು ಚಿತ್ರದ ಚೀಟಿಯನ್ನು ಕೊಡುತ್ತಿದ್ದರು. ಮಕ್ಕಳು ಚೀಟಿಗಾಗಿ ಪೊಟ್ಟಣಗಳನ್ನು ಕೊಂಡು ತಿಂಡಿಯನ್ನು ಎಸೆಯತೊಡಗಿದರು. ಯುದ್ಧಕಾಲದ ಹಸಿವನ್ನು ಕಂಡಿದ್ದ ನಾಡಿನಲ್ಲಿ ಇದು ಸಮಾಜದ ಚಿಂತೆಯಾಯಿತು. ಅನ್ಯಾಯದ ವಿರುದ್ಧ ಹೋರಾಡುವ ವೀರನ ಚಿತ್ರಕ್ಕಾಗಿ ಅನ್ನವು ಬೀದಿಪಾಲಾದುದು ವಿಪರ್ಯಾಸವೇ ಸರಿ.

ತ್ಸುಬುರಾಯರು 1970ರಲ್ಲಿ ನಿಧನರಾದರು. ಅವರ ಹುಟ್ಟೂರಾದ ಸುಕಾಗಾವ ಫುಕುಷಿಮಾ ಪ್ರಾಂತದಲ್ಲಿದೆ. 2011ರಲ್ಲಿ ಭೂಕಂಪ, ಸುನಾಮಿಗಳಿಂದ ಆ ಪ್ರಾಂತದ ಅಣುವಿದ್ಯುತ್ ಸ್ಥಾವರ ಕೆಟ್ಟು, ಮತ್ತೊಮ್ಮೆ ವಿಕಿರಣ ಹರಡಿತು. ಇಂದು ಸುಕಾಗಾವದ ಬೀದಿಗಳಲ್ಲಿ ಆ ವೀರನ ಮತ್ತು ಮೃಗಗಳ ಪ್ರತಿಮೆಗಳು ನಿಂತಿವೆ. ಮೃಗದ ಬೊಂಬೆಯೊಡನೆ ಮಗು ನಿರ್ಭಯವಾಗಿ ಆಡುವುದು ಒಳ್ಳೆಯದೇ. ಆ ಮೃಗವು ಮೊದಲು ಏಕೆ ಹುಟ್ಟಿತೆಂಬುದನ್ನು ಆ ಮಗುವಿಗೆ ಹೇಳುವುದು ಹಿರಿಯರ ಕರ್ತವ್ಯ.