ಸಹಜ ಹೆರಿಗೆಗೆ ಸಿದ್ಧತೆ: ಕಾಯೋತ್ಸರ್ಗದ ನೆರವು

ಕೆಜಿಎಫ್ ಇರಲಿ, ಬಂಗಾರಪೇಟೆ ಇರಲಿ, ಚೊಚ್ಚಲ ಬಸುರಿಯ ಮನೆಯಲ್ಲಿ ಸಂಭ್ರಮದ ಜೊತೆಗೆ ಹೆರಿಗೆ ನೋವಿನ ಭಯವೂ ಇರುತ್ತದೆ. ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ ಎಂದು ಬ್ರಿಟನ್ನಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಕಳೆದ ಶತಮಾನದಲ್ಲೇ ವಿವರಿಸಿದ್ದರು. ಇಂದಿನ ಸ್ವಸಂಮೋಹನ ತರಬೇತಿಯ ಹಿಂದೆಯೂ ಇದೇ ತಿಳಿವಳಿಕೆಯಿದೆ. ಸ್ವಸಂಮೋಹನವೆಂದರೆ ಪ್ರಜ್ಞೆ ತಪ್ಪುವುದಲ್ಲ. ಉಸಿರಿನ ಮೇಲೆ ಗಮನ ನಿಲ್ಲಿಸಿ ಮೈ ಸಡಿಲಿಸುವುದು.

ಆರು ಆವಶ್ಯಕಗಳಲ್ಲಿ ಒಂದಾದ ಕಾಯೋತ್ಸರ್ಗದ ಗುರಿ ದೇಹಮಮತೆಯ ತ್ಯಾಗ. ಆಚಾರ್ಯ ಮಹಾಪ್ರಜ್ಞರ ಪ್ರೇಕ್ಷಾಧ್ಯಾನದಲ್ಲಿ ಅದು ವಿಶ್ರಾಂತಿಯ ಅಭ್ಯಾಸವೂ ಹೌದು. ವೈದ್ಯರನ್ನು ಕೇಳಿ, ದಿನವೂ ಸ್ವಲ್ಪ ಹೊತ್ತು ಇದನ್ನು ಮಾಡಬಹುದು. ತಿಂಗಳು ತುಂಬುತ್ತಿದ್ದಂತೆ ಅಂಗಾತ ಮಲಗದೆ, ಎಡಮಗ್ಗುಲಾಗಿ ಮಲಗಬೇಕು ಅಥವಾ ಒರಗಿ ಕೂರಬೇಕು. ಪಾದದಿಂದ ಹಣೆಯವರೆಗೆ ಒಂದೊಂದೇ ಅಂಗವನ್ನು ಸಡಿಲಿಸುತ್ತಾ, ಉಸಿರನ್ನು ನಿಧಾನವಾಗಿ ಬಿಡಬೇಕು. ಮನದಲ್ಲಿ ಣಮೋಕಾರ ಮಂತ್ರವಿರಲಿ. ಹೆರಿಗೆಯಲ್ಲಿ ಜೊತೆಗಿರುವ ತಾಯಿ ಅಥವಾ ಪತಿಯೂ ಇದನ್ನು ಕಲಿತಿರಲಿ.

ನೋವು ತಡೆಯಲು ನೆರವು ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಸ್ನಾಯು ಸಡಿಲಿಕೆ, ಉಸಿರಾಟದಂತಹ ವಿಧಾನಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದೆ. ಆದರೆ ಇದು ಚಿಕಿತ್ಸೆಗೆ ಬದಲಿಯಲ್ಲ. ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಸಿಸೇರಿಯನ್ ಅನಿವಾರ್ಯವಾದರೆ ಅದು ತಾಯಿಯ ಸೋಲಲ್ಲ.